ಸಿಮೆಂಟು ಕಿತ್ತ ಮೇಲೆ

ನಮ್ಮೂರ ಮಠದ ಉಗ್ರಾಣದ ಗೋಡೆ ನಾನು ಚಿಕ್ಕವಳಾಗಿದ್ದಾಗಿನಿಂದಲೂ ಬೆವರುತ್ತಿತ್ತು. ಆರಿದ್ರಾ ಮಳೆಯಿರಲಿ, ಶಿವರಾತ್ರಿ ಕಳೆದ ಬಿಸಿಲಿರಲಿ, ಅಂಗೈಯಿಟ್ಟರೆ ಹಸಿ. ನೆಲದಿಂದ ಎದೆಮಟ್ಟದವರೆಗೂ ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಮಠದ ಪಾರುಪತ್ಯ ನೋಡಿಕೊಳ್ಳುತ್ತಿದ್ದ ಅಪ್ಪ ಪ್ರತಿ ದೀಪಾವಳಿಗೂ ಅದನ್ನು ಕೆರೆಸಿ ಬಳಿಸುತ್ತಿದ್ದರು. ಯುಗಾದಿ ಹೊತ್ತಿಗೆ ಮತ್ತೆ ಅದೇ ಕಥೆ. "ಹಳೇ ಕಟ್ಟಡ, ಇನ್ನೇನಾಗುತ್ತೆ" ಅನ್ನುವುದು ಎಲ್ಲರ ಮಾತು.

ಹಳೆಯದಾದದ್ದಕ್ಕಲ್ಲ ಅದು ಹಾಗಾದದ್ದು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗಟ್ಟಿಯಾಗಲಿ ಅಂತ ಒಳಗೂ ಹೊರಗೂ ಸಿಮೆಂಟು ಗಿಲಾವು ಮಾಡಿಸಿದ್ದರು. ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲಿನ ಗೋಡೆ ತಳಪಾಯದಿಂದ ನೀರು ಎಳೆದುಕೊಳ್ಳುತ್ತದೆ. ಮೊದಲು ಮೇಲಿದ್ದ ಸುಣ್ಣದ ಗಾರೆ ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು. ಹೊರಗೆ ಹೋಗಲಾರದ ನೀರು ಗೋಡೆಯೊಳಗೇ ಮೇಲೇರಿ, ಗೋಡೆಯಲ್ಲಿ ಹುದುಗಿದ್ದ ತೊಲೆಗಳ ತುದಿ ಮುಟ್ಟಿತು. ಎರಡು ವರ್ಷದ ಹಿಂದೆ ಪುಷ್ಯ ಮಳೆಯಲ್ಲಿ ಉಗ್ರಾಣದ ಮೂಲೆಯ ತೊಲೆಯೊಂದು ಜಗ್ಗಿ, ಮೇಲಿನ ಮುಚ್ಚಿಗೆಯ ಮಣ್ಣೆಲ್ಲ ಅಕ್ಕಿ ಮೂಟೆಗಳ ಮೇಲೆ ಬಿತ್ತು. ಆ ತೊಲೆಯ ತುದಿಯನ್ನು ಬೆರಳಿಂದ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಒಳಗೆ ಹೋಗುತ್ತಿತ್ತು. ಅದೇ ಮರ, ಎರಡು ಅಡಿ ಈಚೆಗೆ, ಉಳಿ ಇಟ್ಟರೆ ಟಣ್ ಅನ್ನುತ್ತಿತ್ತು.

ಸಮಿತಿಯವರು ಆಗಲೇ ನಕ್ಷೆ ತಂದಿದ್ದರು. ಎಲ್ಲ ಕೆಡವಿ ಆರ್‌ಸಿಸಿ ಕಟ್ಟಡ, ಕೆಳಗೆ ಕಲ್ಯಾಣ ಮಂಟಪ, ಮೇಲೆ ರೂಮುಗಳು. ತಪ್ಪು ಮನಸ್ಸಿನಿಂದ ಹೇಳಿದ್ದಲ್ಲ. ಊರಿಗೆ ಮಂಟಪ ಬೇಕಿತ್ತು. ಮಠವೇನೂ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿಲ್ಲ, ಕೆಡವಿದರೆ ತಡೆಯುವವರಿಲ್ಲ. ಕೆಳದಿ ಅರಸರ ಉಂಬಳಿ ಇತ್ತು ಎಂಬ ಮಾತು ಊರಲ್ಲಿದೆ, ತಾಮ್ರಪಟ ಕಂಡವರಿಲ್ಲ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಸಿವಿಲ್ ಇಂಜಿನಿಯರಾಗಿ ಕಾಂಕ್ರೀಟು ಹಾಕಿಸಿದವಳು ನಾನು. ಆದರೂ ಇದನ್ನು ಕೆಡವದೆ ಸರಿಮಾಡಬಹುದು ಅನ್ನಿಸಿತು. "ಬುದ್ಧೀ, ನನಗೊಂದು ತಿಂಗಳು ಕೊಡಿ" ಅಂತ ಸ್ವಾಮೀಜಿಯವರಲ್ಲಿ ಕೇಳಿಕೊಂಡೆ. "ನೋಡು ತಾಯಿ, ದಾಸೋಹ ಮಾತ್ರ ಒಂದು ದಿನವೂ ನಿಲ್ಲಬಾರದು" ಅಂದರು.

ಸಮಿತಿಯವರನ್ನು ಕರೆದುಕೊಂಡು ಶಿವಮೊಗ್ಗದಲ್ಲಿರುವ ಶಿವಪ್ಪನಾಯಕನ ಅರಮನೆಗೆ ಹೋದೆ. ಹೆಸರು ಶಿವಪ್ಪನಾಯಕನದ್ದಾದರೂ ಕಟ್ಟಿದ್ದು 18ನೇ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಎನ್ನುವವರಿದ್ದಾರೆ. ಅದೇನೇ ಇರಲಿ, ಆ ಮರದ ಕಂಬಗಳ ನಡುವೆ ನಿಂತು ಅಧ್ಯಕ್ಷರು ಒಂದನ್ನು ತಬ್ಬಿ ನೋಡಿದರು. "ನಮ್ಮ ಪಡಸಾಲೆ ಕಂಬವೂ ಹೀಗೇ ಇದೆಯಲ್ಲ" ಅಂದರು. ಆಮೇಲೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯಿತು. ಮೊದಲು ಹೆಂಚು ಇಳಿಸಿದೆವು. ಕೆಲವಕ್ಕೆ ಬೆನ್ನ ಮೇಲೆ ಬಾಸೆಲ್ ಮಿಷನ್ ಮುದ್ರೆ. ಆ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದವರು. ಅವರ ಹೆಂಚು ಘಟ್ಟ ಹತ್ತಿ ನಮ್ಮ ಮಠದ ಮಾಡಿಗೂ ಬಂದಿತ್ತು. ಒಂದೊಂದನ್ನೂ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಖಣ್ ಅಂದರೆ ಒಳ್ಳೆಯದು, ಡಬ್ ಅಂದರೆ ಒಳಗೆ ಬಿರುಕು. ಊರ ಹುಡುಗರು ಮೂರು ದಿನ ಇದೇ ಕೆಲಸ ಮಾಡಿದರು. ಕಾಲುಭಾಗ ಮಾತ್ರ ಹೋಯಿತು. ಕಡಿಮೆ ಬಿದ್ದದ್ದನ್ನು ಪಕ್ಕದೂರಿನಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ ತಂದೆವು.

ಸಿಮೆಂಟು ಕೀಳುವುದು ಕಷ್ಟದ ಕೆಲಸ. ಜೋರಾಗಿ ಹೊಡೆದರೆ ಜಂಬಿಟ್ಟಿಗೆಯೇ ಕಿತ್ತು ಬರುತ್ತದೆ. ಸಣ್ಣ ಉಳಿ, ಸಣ್ಣ ಸುತ್ತಿಗೆ, ಅಂಗೈಯಗಲ ತೆಗೆದು ಮುಂದಕ್ಕೆ. ತೆಗೆದ ಮೇಲೆ ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಟ್ಟೆವು, ಒಣಗಲಿ ಅಂತ. ಬಂದವರೆಲ್ಲ ಇದೇನು ಮಠ ಹೀಗಾಯಿತು ಅಂದರು. ಆ ನಾಲ್ಕು ತಿಂಗಳು ನನಗೂ ನಿದ್ದೆ ಸರಿಯಾಗಿ ಬರಲಿಲ್ಲ.

ಗಾರೆ ಮೇಸ್ತ್ರಿ ಎಪ್ಪತ್ತು ದಾಟಿದವರು. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ, ಹಿತ್ತಲ ಗುಂಡಿಯಲ್ಲಿ ನೀರು ಬಿಟ್ಟು ಅರಳಿಸಿ, ಬೆಣ್ಣೆಯ ಹಾಗಾಗುವವರೆಗೆ ಮುಟ್ಟಬೇಡಿ ಅಂದರು. ಅದಕ್ಕೆ ಮರಳು, ಇಟ್ಟಿಗೆ ಪುಡಿ. ಕಲಸುವುದಕ್ಕೆ ಅಳಲೆಕಾಯಿ ಮತ್ತು ಬೆಲ್ಲ ನೆನೆಹಾಕಿದ ನೀರು. ಆ ನೀರು ಹುಳಿ ಬಂದಾಗ ಇಡೀ ಹಿತ್ತಲು ಆಲೆಮನೆಯ ಹಾಗೆ ವಾಸನೆ. ಸುಣ್ಣದ ಗಾರೆ ಸಿಮೆಂಟಿನ ಹಾಗೆ ರಾತ್ರಿ ಬೆಳಗಾಗುವುದರೊಳಗೆ ಬಿಗಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಅವಸರ ಮಾಡಿ ಬಿಸಿಲಿಗೆ ಬಿಟ್ಟರೆ ಬಿರಿಯುತ್ತದೆ, ಹಾಗಾಗಿ ಒದ್ದೆ ಗೋಣಿತಾಟು ಇಳಿಬಿಟ್ಟು ಕಾಯಬೇಕು. "ಇದಕ್ಕೆ ಬಾಣಂತಿ ಆರೈಕೆ ಕಣಮ್ಮಾ" ಅನ್ನುತ್ತಿದ್ದರು ಮೇಸ್ತ್ರಿ.

ಪಡಸಾಲೆಯ ಹಲಸಿನ ಕಂಬಗಳಲ್ಲಿ ಒಂದರ ಬುಡವನ್ನು ಗೆದ್ದಲು ತಿಂದಿತ್ತು. ಕಂಬವನ್ನೇ ಬದಲಾಯಿಸಿಬಿಡಿ ಅಂದರು ಕೆಲವರು. ಮರಗೆಲಸದ ಆಚಾರ್ರು ಒಪ್ಪಲಿಲ್ಲ. ಮೇಲಿನ ತೊಲೆಗೆ ಜಾಕು ಕೊಟ್ಟು ಭಾರ ಹಿಡಿದು, ಬುಡದ ಒಂದೂವರೆ ಅಡಿ ಕೊಯ್ದು ತೆಗೆದು, ಹಳೆಯ ಹಲಸಿನ ತುಂಡಿಗೆ ಓರೆಯಾಗಿ ಕಚ್ಚು ಹೊಡೆದು ಕೂಡಿಸಿ, ಮರದ ಬೆಣೆ ಬಡಿದರು. ಪಾದಗಲ್ಲಿನ ಮೇಲೆ ಕಂಬ ಕೂತಾಗ ಜಾಕನ್ನು ಕೂದಲೆಳೆಯಷ್ಟೇ ಇಳಿಸುತ್ತ, ಕಿವಿಯನ್ನು ಮರಕ್ಕೆ ಹಚ್ಚಿ ಕೇಳುತ್ತ ಕೂತಿದ್ದರು. ಕೂಡಿದ ಗೆರೆ ಕಣ್ಣಿಗೆ ಕಾಣುತ್ತದೆ. ಬಣ್ಣ ಬಳಿದು ಮುಚ್ಚೋಣ ಅಂದಾಗ ಸ್ವಾಮೀಜಿ, "ಇರಲಿ ಬಿಡಿ, ಕಂಬಕ್ಕೆ ಏನಾಗಿತ್ತು ಅಂತ ಮುಂದಿನವರಿಗೂ ಗೊತ್ತಾಗಲಿ" ಅಂದರು.

ಎಲ್ಲದರಲ್ಲೂ ನನ್ನ ಮಾತು ನಡೆಯಲಿಲ್ಲ. ದಾಸೋಹದ ಅಡುಗೆಮನೆಗೆ ಗ್ರಾನೈಟು ಬಂತು. ದಿನಾ ನೂರು ಜನಕ್ಕೆ ಬೇಯಿಸಿ ನೆಲ ತೊಳೆಯುವ ಹೆಂಗಸರು ಕೇಳಿದ್ದರು, ಅವರ ಮುಂದೆ ನಾನೇನು ಹೇಳಲಿ. ಶೌಚಾಲಯವನ್ನು ಮಾತ್ರ ಗೋಡೆಗಂಟಿಸದೆ ಹಿತ್ತಲಿನಾಚೆ ಬೇರೆಯೇ ಕಟ್ಟಿಸಿದೆ. ಕರೆಂಟಿನ ತಂತಿಗೆ ಗೋಡೆ ಕೊರೆಯದೆ ಮರದ ಪಟ್ಟಿಯ ಮೇಲೆ ಓಡಿಸಿದೆ. ಅಡುಗೆಮನೆಯ ತೊಲೆಗಳ ಮಸಿಯನ್ನು ಉಜ್ಜಿಸಲಿಲ್ಲ. ಅಷ್ಟು ಕಾಲದ ಹೊಗೆ ಕುಡಿದ ಆ ತೊಲೆಗಳಲ್ಲಿ ಒಂದಕ್ಕೂ ಹುಳ ಬಿದ್ದಿರಲಿಲ್ಲ.

ಉಗ್ರಾಣದ ಬಾಗಿಲನ್ನು ಎಣ್ಣೆ ಹಚ್ಚಲು ಕಳಚಿದಾಗ ಹಿಂಬದಿಯಲ್ಲಿ ಇದ್ದಿಲಿನ ಗೀಟುಗಳು ಕಂಡವು. ಐದೈದರ ಗುಂಪು, ಪಕ್ಕದಲ್ಲಿ ಖಂಡುಗ, ಕೊಳಗ ಅಂತ ಮೋಡಿ ಬರಹ. ಇಪ್ಪತ್ತು ಕೊಳಗಕ್ಕೊಂದು ಖಂಡುಗ; ದಾಸೋಹಕ್ಕೆ ಬಂದ ಭತ್ತದ ಲೆಕ್ಕ. ಕೆಳಗಿನ ಮೂಲೆಯಲ್ಲಿ ಎರಡು ಸಾಲು ಮಾತ್ರ ನೀಲಿ ಪೆನ್ಸಿಲ್ಲಿನಲ್ಲಿದ್ದವು. ಅದು ಅಪ್ಪನ ಕೈಬರಹ. ಅಷ್ಟು ಜಾಗಕ್ಕೆ ಎಣ್ಣೆ ಬೇಡ ಅಂದೆ.

ಈ ಸಲದ ಆರಿದ್ರಾ, ಪುನರ್ವಸು ಎರಡೂ ಜೋರಾಗಿಯೇ ಹೊಡೆದವು. ಮೊನ್ನೆ ಹೋಗಿದ್ದಾಗ ಉಗ್ರಾಣದ ದಕ್ಷಿಣದ ಗೋಡೆ ಒಣಗಿತ್ತು. ಬಡಗಣ ಗೋಡೆಯ ಬುಡದಲ್ಲಿ ಗೇಣಗಲ ಇನ್ನೂ ಹಸಿಯಿದೆ. ಅಲ್ಲಿಗೆ ಸುಣ್ಣ ಬಳಿಯುವುದು ಮುಂದಿನ ದೀಪಾವಳಿಗೆ.