ಕೀಲಿಮಣೆ ಯೋಜನೆಗೆ ರಿವ್ಯೂ ಕ್ರಮ ಗೊತ್ತುಮಾಡಿದ ಭಾನುವಾರ

ಕನ್ನಡ ಟೈಪಿಸುವ ನಮ್ಮ ಕೀಲಿಮಣೆ ತಂತ್ರಾಂಶದ ಬದಲಾವಣೆಗಳನ್ನು ಇನ್ನೊಬ್ಬರು ಪರಿಶೀಲಿಸುವ ಕ್ರಮ, ಅಂದರೆ ರಿವ್ಯೂ, ಹೇಗಿರಬೇಕು ಎಂದು ಮಾತಾಡಲು ಕೂತಿದ್ದೆವು. ಅವತ್ತಿನ ಚರ್ಚೆಯನ್ನು ಎಬ್ಬಿಸಿದ್ದು 'ರ‍್ಯಾಂಕ್' ಎಂಬ ಪದ. ಇಲ್ಲಿ ರ ಮತ್ತು ಅದರ ಸ್ವರ ತೆಗೆಯುವ ಹಲಂತ ಚಿಹ್ನೆಯ ನಡುವೆ, ಯುನಿಕೋಡ್‌ನಲ್ಲಿ ಯು+200ಡಿ ಎಂಬ ಸಂಖ್ಯೆಯ ಕಣ್ಣಿಗೆ ಕಾಣದ ಅಕ್ಷರ, ಅಂದರೆ ಜೀರೋ ವಿಡ್ತ್ ಜಾಯ್ನರ್, ಇರಲೇಬೇಕು. ಅದು ಬಿದ್ದುಹೋದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ಯಾವ ಕೀಲಿಗೆ ಯಾವ ಅಕ್ಷರ ಎಂದು ಹೇಳುವ ಕೀಲಿಮಣೆಯ ನಿಯಮದ ಸಾಲಿನಲ್ಲಿ ಮುಂದಿನ ವ್ಯಂಜನ ಇರುವುದಿಲ್ಲವಲ್ಲ, ಹಾಗಾಗಿ ಜಾಯ್ನರ್ ಇದ್ದರೂ ಇಲ್ಲದಿದ್ದರೂ ಬರೀ 'ರ್' ಎಂದೇ ಕಾಣುತ್ತದೆ. ಎಷ್ಟು ಜನ ಕಣ್ಣಾಡಿಸಿದರೂ ತಪ್ಪು ಸಿಗದು. ಆದ್ದರಿಂದ ಮೊದಲು ಎರಡು ವಿಷಯ ಖಚಿತವಾದವು: ಕಾಣದ ಅಕ್ಷರಗಳನ್ನು ಎಸ್ಕೇಪ್ ರೂಪದಲ್ಲೇ, ಅಂದರೆ ಕಣ್ಣಿಗೆ ಕಾಣುವ ಸಂಖ್ಯಾಸಂಕೇತವಾಗಿಯೇ, ಬರೆಯಬೇಕು, ಪ್ರತಿ ಕೀಲಿ ಒತ್ತಿದಾಗ ಬರುವ ಅಕ್ಷರಗಳ ಯುನಿಕೋಡ್ ಸಂಖ್ಯೆಗಳಾದ ಕೋಡ್ ಪಾಯಿಂಟ್‌ಗಳನ್ನು ಯಂತ್ರವೇ ಪರೀಕ್ಷಿಸಬೇಕು.

ಮೊದಲು ಸೇರಿಸಿ ಆಮೇಲೆ ನೋಡುವ ಪದ್ಧತಿಯನ್ನು ಬೇಗನೆ ಕೈಬಿಟ್ಟೆವು. ವಿಕಿಪೀಡಿಯವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆಯಾದ ಸಬ್‌ವರ್ಷನ್‌ನಲ್ಲಿದ್ದಾಗ ಹಾಗೇ ನಡೆಯುತ್ತಿತ್ತು. ಯಾರೂ ನೋಡದ ತಿದ್ದುಪಡಿಗಳು ರಾಶಿ ಬೀಳುತ್ತಿದ್ದವು; 2012ರಲ್ಲಿ ಅದು ಅಂಥದೇ ಇನ್ನೊಂದು ವ್ಯವಸ್ಥೆ ಗಿಟ್ ಮತ್ತು ರಿವ್ಯೂ ನಡೆಸುವ ತಂತ್ರಾಂಶ ಗೆರಿಟ್‌ಗೆ ಬಂದು, ರಿವ್ಯೂ ಆದ ಮೇಲೆಯೇ ಸೇರಿಸುವ ಕ್ರಮ ಹಿಡಿಯಿತು. ನಮ್ಮಂಥ ಪುಟ್ಟ ಯೋಜನೆ ಸ್ವಂತ ಗೆರಿಟ್ ಸರ್ವರ್ ನಡೆಸುವುದು ಕಷ್ಟ. ಲಿನಕ್ಸ್ ಕರ್ನಲ್‌ನವರಂತೆ ಇಮೇಲ್‌ನಲ್ಲಿ ಪ್ಯಾಚ್ (ಬದಲಾವಣೆಯ ಕಡತ) ಕಳಿಸಿ ಎಂದರೆ, ವ್ಯಾಕರಣ ಬಲ್ಲ ಕನ್ನಡ ಮೇಷ್ಟ್ರು ಮೊದಲ ಹೆಜ್ಜೆಯಲ್ಲೇ ಹಿಂದೆ ಸರಿಯುತ್ತಾರೆ. ನಮಗೆ ಅತಿ ಹೆಚ್ಚು ಬೇಕಾದವರು ಅವರೇ. ಹೀಗಾಗಿ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆಯನ್ನು ಜಾಲತಾಣದಲ್ಲೇ ಮುಂದಿಟ್ಟು ಸೇರಿಸಲು ಕೇಳುವ ವಿಧಾನ, ಉಳಿಯಿತು.

ನಿಜವಾದ ಜಗ್ಗಾಟ ನಡೆದದ್ದು ಎಷ್ಟು ಒಪ್ಪಿಗೆ ಬೇಕು ಎನ್ನುವಲ್ಲಿ. ಎರಡು ಎಂದು ಬರೆಯುವುದು ಸುಲಭ. ಆದರೆ ಬಿಡುವಿನಲ್ಲಿ ದುಡಿಯುವ ಮೂರ್ನಾಲ್ಕು ಜನರಲ್ಲಿ ಒಬ್ಬರು ಊರಿಗೆ ಹೋದರೆ ಕೆಲಸ ನಿಂತಂತೆಯೇ. ಒಂದೇ ಒಪ್ಪಿಗೆ ಸಾಕೆಂದು ತೀರ್ಮಾನಿಸಿ, ಜೊತೆಗೆ ಹೊಸ ಕಮಿಟ್ (ದಾಖಲಾದ ಬದಲಾವಣೆ) ಬಂದರೆ ಹಳೆಯ ಒಪ್ಪಿಗೆ ರದ್ದಾಗುವ ಆಯ್ಕೆಯನ್ನು ಹಾಕಿದೆವು. ಇದಿಲ್ಲದಿದ್ದರೆ ಒಪ್ಪಿಗೆ ಸಿಕ್ಕ ಮೇಲೆ ಬಂದ ಬದಲಾವಣೆ ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಬಹುದು. ದಾಖಲೆ, ಕಾಗುಣಿತದ ತಿದ್ದುಪಡಿಗಳಿಗೆ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳಲ್ಲಿ ರೂಢಿಯಿರುವ 72 ಗಂಟೆಯ ಗಡುವು: ಅಷ್ಟರಲ್ಲಿ ಆಕ್ಷೇಪ ಬರದಿದ್ದರೆ, ಬರೆದವರನ್ನು ಬಿಟ್ಟು ಬೇರೆ ಯಾವ ನಿರ್ವಾಹಕರಾದರೂ ಒಪ್ಪಿ ಸೇರಿಸಬಹುದು. ಕೀಲಿ ನಿಯಮಗಳಿಗೆ ಈ ಸಲಿಗೆ ಇಲ್ಲ. ಅಲ್ಲಿ ಮೌನ ಸಮ್ಮತಿಯಲ್ಲ.

ರಿವ್ಯೂ ಒಂದೇ ಸಾಲದು ಎನ್ನುವುದಕ್ಕೆ ಕಡತಗಳನ್ನು ಕುಗ್ಗಿಸುವ ತಂತ್ರಾಂಶದೊಳಗೆ ಕಳ್ಳ ಹಿಂಬಾಗಿಲು ಸೇರಿಸಿದ 2024ರ ಎಕ್ಸ್‌ಝಡ್ ಪ್ರಕರಣವಿದೆ. ಹಿಂಬಾಗಿಲು ತೆರೆಯುವ ಕೋಡಿನ ಒಂದು ಮುಖ್ಯ ಭಾಗ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಎಲ್ಲವನ್ನೂ ಒಟ್ಟುಗೂಡಿಸಿದ ಟಾರ್ ಕಡತದಲ್ಲಿತ್ತು. ಬಿಡುಗಡೆಯ ಕಡತಗಳನ್ನು ಯಾರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಬಾರದು, ಗಿಟ್‌ನಲ್ಲಿ ಆ ಆವೃತ್ತಿಯ ಗುರುತಾದ ಟ್ಯಾಗ್‌ನಿಂದ ಸ್ವಯಂಚಾಲಿತವಾಗಿಯೇ ತಯಾರಾಗಬೇಕು ಎಂಬ ನಿಯಮವನ್ನು ಅದಕ್ಕಾಗಿಯೇ ಸೇರಿಸಿದೆವು.

ಕೀಲಿ ನಿಯಮಗಳ ಕಡತಕ್ಕೆ, ಯಾವ ಕಡತಕ್ಕೆ ಯಾರ ಒಪ್ಪಿಗೆ ಬೇಕೆಂದು ಹೇಳುವ ಕೋಡ್‌ಓನರ್ಸ್ ಪಟ್ಟಿಯಲ್ಲಿ ಕನ್ನಡ ಲಿಪಿ ಬಲ್ಲವರ ಹೆಸರು ಹಾಕಬೇಕು. ಅವರಿಗೆ ಬರೆಯುವ ಅನುಮತಿ ಇಲ್ಲದಿದ್ದರೆ ಗಿಟ್‌ಹಬ್ ಆ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಕಡತಕ್ಕೆ ಎರಡು ಸಾಲು ಹೊಂದಿದರೆ ಕೊನೆಯ ಸಾಲೇ ಊರ್ಜಿತ; ಹಾಗಾಗಿ ಎಲ್ಲಕ್ಕೂ ಹೊಂದುವ ಸಾಲು ಮೇಲಿರಬೇಕು. ತಮ್ಮದೇ ಪುಲ್ ರಿಕ್ವೆಸ್ಟನ್ನು ತಾವೇ ಒಪ್ಪಲಾಗದ ಕಾರಣ ಕನಿಷ್ಠ ಇಬ್ಬರು ಬೇಕು. ಎರಡನೆಯವರು ಇನ್ನೂ ಸಿಕ್ಕಿಲ್ಲ. ಸಿಗುವ ತನಕ ಆ ಕಡತಕ್ಕೆ ಮೊದಲನೆಯವರು ಬರೆದ ತಿದ್ದುಪಡಿಗಳು ಕಾಯಲಿ ಎಂದು ಬಿಟ್ಟಿದ್ದೇವೆ.