ಜಾಗರಣೆಯ ರಾತ್ರಿ, ಗ್ರೀಸಿನ ಹಡಗುಗಳು

ಮೈಸೂರು
ಫೆಬ್ರವರಿ 15, 2026, ಭಾನುವಾರ, ಶಿವರಾತ್ರಿ

ಹೇಗಿದ್ದರೂ ಎಚ್ಚರವಾಗಿರಬೇಕಲ್ಲ, ಈ ರಾತ್ರಿಯೇ ಗ್ರೀಸಿನ ವಿಷಯ ಇತ್ಯರ್ಥವಾಗಲಿ ಎಂದು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದೆ. ಮಾತು ದೀಪಾವಳಿಯಿಂದಲೂ ನಡೆದಿದೆ. ಯಾವ ದ್ವೀಪ ಎಂಬಲ್ಲಿಗೆ ಬಂದು ಪ್ರತಿ ಸಲವೂ ಜಗಳದಲ್ಲಿ ನಿಲ್ಲುತ್ತದೆ. ಅಪ್ಪನಿಗೆ ಡೆಲೋಸ್ ಬೇಕು. ಮಗಳಿಗೆ ಸ್ಯಾಂಟೊರಿನಿ ಬಿಟ್ಟರೆ ಬೇರೆ ಗ್ರೀಸ್ ಇಲ್ಲ. ಇವರಿಗೆ ಈಜಲು ನೀರಿದ್ದರೆ ಸಾಕು. ಅಮ್ಮನದು ಒಂದೇ ಮಾತು: "ಊಟಕ್ಕೆ ಏನು ಸಿಗುತ್ತದೆ ಎಂದು ಮೊದಲು ಹೇಳು, ದ್ವೀಪದ ಹೆಸರು ಆಮೇಲೆ ಹೇಳು."

ಕಾಲದ ಬಗ್ಗೆ ಮಾತ್ರ ಬೇಗ ಒಪ್ಪಿಗೆಯಾಯಿತು. ದಸರಾ ರಜೆಗೆ ಹೋಗೋಣವೆಂದರೆ, ಈ ವರ್ಷ ಅಧಿಕ ಮಾಸ ಬಂದು ದಸರಾ ಅಕ್ಟೋಬರ್ ನಡುವಿಗೆ ಜಾರಿದೆ. ಆ ಹೊತ್ತಿಗೆ ಅಲ್ಲಿ ಹಡಗುಗಳು ವಿರಳವಾಗಿ, ಅಂಗಡಿ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶಾಲೆಗೆ ರಜೆ ಇಲ್ಲ. ಇದ್ದರೂ ನಾನು ಒಪ್ಪುತ್ತಿರಲಿಲ್ಲ: ಬಿಸಿಲು, ನೂಕುನುಗ್ಗಲು, ದುಬಾರಿ ಕೋಣೆ, ಇವೆಲ್ಲದರ ಮೇಲೆ ಮೆಲ್ಟೆಮಿ ಎಂಬ ಉತ್ತರದ ಗಾಳಿ. ಉಳಿದದ್ದು ಮೇ. ಬೆಟ್ಟಗಳಲ್ಲಿ ಇನ್ನೂ ಹಸಿರು ಇರುತ್ತದೆ, ನೀರು ತಣ್ಣಗಿರುತ್ತದೆ. ಇವರು ತಣ್ಣೀರಿಗೆ ಮುಖ ಸಿಂಡರಿಸಿದರು, ಆದರೆ ವಾದಿಸಲಿಲ್ಲ. ಮೇ 31 ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬ, ಮರುದಿನ ಸೋಮವಾರವೂ ರಜೆ. ಅಥೆನ್ಸಿನ ಅರ್ಧ ಜನ ಹಡಗು ಹತ್ತುವ ವಾರಾಂತ್ಯ ಅದು. ಅಷ್ಟರೊಳಗೆ ನಾವು ವಾಪಸಾಗಿರಬೇಕು.

ಆಮೇಲೆ ಅಪ್ಪ ಭೂಪಟ ಹರಡಿ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಶುರುಮಾಡಿದರು. ಕೊರ್ಫುವಿನಿಂದ ಸ್ಯಾಂಟೊರಿನಿ, ಅಲ್ಲಿಂದ ರೋಡ್ಸ್. ಕೊರ್ಫು ಇರುವುದು ದೇಶದ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿ. ರೋಡ್ಸ್ ಟರ್ಕಿಯ ಮಗ್ಗುಲಲ್ಲಿ. ಅಷ್ಟು ದೂರದ ಮಾತು ಬಿಡಿ, ಸೈಕ್ಲಡೀಸ್ ಎಂಬ ಒಂದೇ ಗುಂಪಿನೊಳಗೂ ಭೂಪಟವನ್ನು ನಂಬುವಂತಿಲ್ಲ. ಪಾರೋಸ್ ದ್ವೀಪದ ಬೆಟ್ಟದ ಮೇಲೆ ನಿಂತರೆ ಸಿಫ್ನೋಸ್ ಕಣ್ಣಿಗೆ ಕಾಣುತ್ತದೆ. ಆದರೆ ಸಿಫ್ನೋಸ್‌ಗೆ ಹೋಗುವ ಹಡಗುಗಳು ಹೆಚ್ಚಾಗಿ ಅಥೆನ್ಸಿನ ಪಿರೇಯಸ್ ಬಂದರಿನಿಂದ ಕಿತ್ನೋಸ್, ಸೆರಿಫೋಸ್ ಹಾದು ಮಿಲೋಸ್ ಕಡೆಗೆ ಹೋಗುವ ಪಶ್ಚಿಮದ ದಾರಿಯವು. ಪಾರೋಸ್, ನಕ್ಸೋಸ್, ಸ್ಯಾಂಟೊರಿನಿಗಳದು ಬೇರೆ ದಾರಿ. ಆಂಡ್ರೋಸ್, ತೀನೋಸ್, ಮೈಕೊನೋಸ್‌ಗಳಿಗೆ ಅಥೆನ್ಸಿನ ವಿಮಾನ ನಿಲ್ದಾಣಕ್ಕೆ ಹತ್ತಿರದ ರಫೀನಾ ಬಂದರು ಅನುಕೂಲ. ಒಂದು ದಾರಿಯ ದ್ವೀಪದಿಂದ ಇನ್ನೊಂದು ದಾರಿಯದಕ್ಕೆ ಹಾರಲು ಹೊರಟರೆ ಮೇ ತಿಂಗಳಿನಲ್ಲಿ ದಿನಗಟ್ಟಲೆ ಕಾಯಬೇಕಾದೀತು, ಇಲ್ಲವೇ ಪಿರೇಯಸ್‌ಗೇ ಮರಳಬೇಕಾದೀತು. ಹಾಗಾಗಿ ಮೊದಲು ಹಡಗಿನ ದಾರಿ, ಆಮೇಲೆ ದ್ವೀಪ ಎಂದು ನಾನು ಹಟ ಹಿಡಿದೆ. ಅಪ್ಪ ಪೆನ್ಸಿಲು ಕೆಳಗಿಟ್ಟರು. ಭೂಪಟವನ್ನು ಮಾತ್ರ ಮಡಚಲಿಲ್ಲ.

ತೀನೋಸ್ ಪಟ್ಟಿಗೆ ಸೇರಿದ್ದು ಅಮ್ಮನಿಂದ. ಅಲ್ಲಿನ ಮೇರಿ ಮಾತೆಯ ಇಗರ್ಜಿಯಲ್ಲಿರುವ ಚಿತ್ರಪಟ 1823ರಲ್ಲಿ ನೆಲ ಅಗೆಯುವಾಗ ಸಿಕ್ಕಿತು. ಅಂದಿನಿಂದ ಗ್ರೀಸಿನ ದೊಡ್ಡ ಯಾತ್ರಾಸ್ಥಳ ಅದು. ಹರಕೆ ಹೊತ್ತವರು ಬಂದರಿನಿಂದ ಇಗರ್ಜಿಯವರೆಗೆ ಏರುದಾರಿಯಲ್ಲಿ ಮೊಣಕಾಲೂರಿಕೊಂಡೇ ಹೋಗುತ್ತಾರೆ. ಅವರಿಗಾಗಿ ರಸ್ತೆಯ ಬದಿಯಲ್ಲಿ ಉದ್ದಕ್ಕೂ ಕಂಬಳಿಯಂಥ ಹಾಸು ಹಾಸಿದ್ದಾರೆ. ಇದನ್ನು ಓದಿ ಹೇಳಿದಾಗ ಮಗಳು ಅಯ್ಯೋ ಎಂದಳು. ಉರುಳುಸೇವೆ ನೋಡಿ ಬೆಳೆದ ಅಮ್ಮನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. "ಮೊದಲು ಅಲ್ಲಿಗೆ," ಎಂದರು. ಆಗಸ್ಟ್ 15ರ ದೊಡ್ಡ ಜಾತ್ರೆಗೆ ನಾವು ಇರುವುದಿಲ್ಲ, ಅದು ಒಳ್ಳೆಯದೇ. ಅಮೃತಶಿಲೆ ಕೆತ್ತುವವರ ಪಿರ್ಗೋಸ್ ಎಂಬ ಹಳ್ಳಿ ಅದೇ ದ್ವೀಪದಲ್ಲಿದೆ. ಅವರ ಕಸುಬು 2015ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ.

ತೀನೋಸ್‌ನಿಂದ ಅಪ್ಪನ ಡೆಲೋಸ್ ಕೂಡ ದೂರವಿಲ್ಲ. ಅಪೊಲೊ ಹುಟ್ಟಿದನೆಂದು ನಂಬುವ ಈ ಪುಟ್ಟ ದ್ವೀಪದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಅಥೆನ್ಸಿನವರು ಕಟ್ಟಳೆ ಮಾಡಿ, ಹಳೆಯ ಗೋರಿಗಳನ್ನೂ ಅಗೆಸಿ ಬೇರೆಡೆ ಸಾಗಿಸಿದರು. ಇಂದಿಗೂ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ತೀನೋಸ್‌ನಿಂದ ಮೈಕೊನೋಸ್‌ಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ದೋಣಿಯಲ್ಲಿ ಇನ್ನರ್ಧ ಗಂಟೆ. ದೊಡ್ಡ ಹಡಗು ತಲಪುವುದು ಮೈಕೊನೋಸ್‌ನ ಹೊಸ ಬಂದರಿಗೆ, ಡೆಲೋಸ್ ದೋಣಿ ಹೊರಡುವುದು ಊರಿನೊಳಗಿನ ಹಳೆಯ ಬಂದರಿನಿಂದ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಮೈಕೊನೋಸ್‌ನಲ್ಲಿ ತಂಗುವುದು ಬೇಡ. ಅಲ್ಲಿನ ಒಂದು ಕೋಣೆಯ ದರವನ್ನು ರೂಪಾಯಿಗೆ ತಿರುಗಿಸಿ ಓದಿದಾಗ ಇವರು ಎದ್ದು ಹೋಗಿ ನೀರು ಕುಡಿದು ಬಂದರು.

ಹೆಚ್ಚು ದಿನ ಇರುವುದು ನಕ್ಸೋಸ್‌ನಲ್ಲಿ. ಇದು ನನ್ನ ಆಯ್ಕೆ, ಬಿಟ್ಟುಕೊಡಲಿಲ್ಲ. ಸೈಕ್ಲಡೀಸ್‌ನ ಅತಿ ದೊಡ್ಡ ದ್ವೀಪ. ಸಾವಿರ ಮೀಟರ್ ಎತ್ತರದ ಜಾಸ್ ಬೆಟ್ಟ, ಆಲೂಗಡ್ಡೆ ಬೆಳೆಯುವ ಹೊಲ, ಚೀಸ್ ಮಾಡುವ ಹಳ್ಳಿ, ಮರಳಿನ ದಂಡೆ ಎಲ್ಲ ಇವೆ. ಪ್ರವಾಸಿಗರು ಬಾರದಿದ್ದರೂ ಬದುಕಬಲ್ಲ ಊರು ಎನಿಸುತ್ತದೆ. ಅಪೊಲೊನಾಸ್ ಬಳಿಯ ಕಲ್ಲುಗಣಿಯಲ್ಲಿ ಹತ್ತು ಮೀಟರಿಗೂ ಉದ್ದದ ಶಿಲಾಮೂರ್ತಿಯೊಂದು ಅರ್ಧ ಕೆತ್ತಿದ ಸ್ಥಿತಿಯಲ್ಲಿ ಎರಡೂವರೆ ಸಾವಿರ ವರ್ಷದಿಂದ ಮಲಗಿದೆ. ಬಸ್ಸಿನಲ್ಲಿ ಎಲ್ಲ ಕಡೆ ಹೋಗಲಾಗದು, ಒಂದೆರಡು ದಿನಕ್ಕೆ ಕಾರು ಬೇಕು. ಅದಕ್ಕೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಆ ಕೆಲಸ ಇವರದು.

ಅಮ್ಮನ ಊಟದ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಲ್ಲಿನ ಸಂಪ್ರದಾಯಸ್ಥರು ವರ್ಷದಲ್ಲಿ ಬಹಳ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತ ಹಿಡಿಯುತ್ತಾರೆ. ಹೋಟೆಲಿನಲ್ಲಿ "ನಿಸ್ತೀಸಿಮೊ" ಎಂದು ಕೇಳಿದರೆ ವ್ರತದ ಅಡುಗೆ ಯಾವುದೆಂದು ತೋರಿಸುತ್ತಾರಂತೆ. ಆದರೂ ಸೀಗಡಿ, ಆಕ್ಟೋಪಸ್‌ಗಳಿಗೆ ವ್ರತದಲ್ಲಿ ಅಡ್ಡಿಯಿಲ್ಲ, ಹಾಗಾಗಿ ಎರಡನೆಯ ಸಲ ಕೇಳುವುದು ಕ್ಷೇಮ. ಟೊಮೆಟೊದೊಳಗೆ ಅನ್ನ ತುಂಬಿ ಬೇಯಿಸಿದ್ದು, ದಪ್ಪ ಅವರೆಯಂಥ ಕಾಳು, ಬೇಯಿಸಿದ ಸೊಪ್ಪು, ಸ್ಯಾಂಟೊರಿನಿಯ ಹಳದಿ ಬೇಳೆ. ಉಪವಾಸದ ಹೊಟ್ಟೆಯಲ್ಲಿ ಈ ಪಟ್ಟಿ ಓದಬಾರದಿತ್ತು. ಅಮ್ಮ ಆದರೂ ಉಪ್ಪಿನಕಾಯಿ ಒಯ್ಯುತ್ತಾರೆ.

ಸ್ಯಾಂಟೊರಿನಿ ಬೇಡವೆಂದೇ ನಾನಿದ್ದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಸಾಲುಸಾಲು ಭೂಕಂಪಗಳಾಗಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ದ್ವೀಪ ತೊರೆದಿದ್ದರು. ಆಮೇಲೆ ಶಾಂತವಾಗಿದೆ. ಆದರೆ ನನ್ನ ಹಿಂಜರಿಕೆ ಭೂಕಂಪದ್ದಲ್ಲ, ಇಯಾ ಊರಿನ ಸೂರ್ಯಾಸ್ತಕ್ಕೆ ಮೊಬೈಲ್ ಎತ್ತಿ ನಿಲ್ಲುವ ಜನಸಂದಣಿಯದ್ದು. ಮನಸ್ಸು ಬದಲಾದದ್ದು ಅಕ್ರೋತಿರಿಯಿಂದ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಟ್ಟಣ; 1967ರಲ್ಲಿ ಸ್ಪಿರಿಡಾನ್ ಮರಿನಾಟೋಸ್ ಉತ್ಖನನ ಆರಂಭಿಸಿದರು. ಮಹಡಿ ಮನೆಗಳು, ಚರಂಡಿ, ಗೋಡೆಚಿತ್ರ ಎಲ್ಲ ಸಿಕ್ಕರೂ ಆ ದುರಂತಕ್ಕೆ ಸಿಕ್ಕ ಜನರ ಅಸ್ಥಿಪಂಜರ ಸಿಕ್ಕಿಲ್ಲ, ಮುನ್ಸೂಚನೆ ಅರಿತು ಓಡಿರಬೇಕು. ಅಪ್ಪ ಇದನ್ನು ಕೇಳಿದ್ದೇ ಮೊಮ್ಮಗಳ ಪಕ್ಷಕ್ಕೆ ಸೇರಿಬಿಟ್ಟರು. ಸರಿ, ಅಲ್ಲಿಗೂ ಹೋಗೋಣ. ಅಲ್ಲಿಂದ ಅಥೆನ್ಸಿಗೆ ವಿಮಾನದಲ್ಲಿ ಒಂದು ಗಂಟೆಯೊಳಗಿನ ದಾರಿ.

ಊರಿಗೆ ಹೊರಡುವ ಮೊದಲು ಅಥೆನ್ಸಿನಲ್ಲಿ ಎರಡು ರಾತ್ರಿ ಬಿಟ್ಟಿದ್ದೇನೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಗಾಳಿ ಜೋರಾದರೆ ಬಂದರು ಅಧಿಕಾರಿಗಳು ಹಡಗು ಹೊರಡಲು ಬಿಡುವುದಿಲ್ಲ. ಮೊದಲು ನಿಲ್ಲುವುದು ದುಬಾರಿಯ ವೇಗದ ಹಡಗುಗಳೇ. ನಿಧಾನದ ದೊಡ್ಡ ಹಡಗಿನಲ್ಲಿ ಹೊರಗೆ ಕೂತು ಹೋಗಬಹುದು, ಟಿಕೆಟ್ಟೂ ಅಗ್ಗ.

ಖರ್ಚಿನ ಲೆಕ್ಕ ಇವರ ಪುಸ್ತಕದಲ್ಲಿದೆ. ಯೂರೋ ನೂರು ರೂಪಾಯಿ ದಾಟಿ ಕೂತಿದೆ. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೋ. ಆರರಿಂದ ಹನ್ನೆರಡರ ಒಳಗಿನವರಿಗೆ ಅರ್ಧ, ಮಗಳಿಗೆ ಕಳೆದ ತಿಂಗಳಷ್ಟೇ ಹನ್ನೆರಡು ತುಂಬಿತು. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಪ್ರತಿ ಕೋಣೆಗೆ ರಾತ್ರಿಗೊಂದು ತೆರಿಗೆ ಬೇರೆ: ಮೂರು ನಕ್ಷತ್ರದ ಹೋಟೆಲಿಗೆ 5 ಯೂರೋ, ಐದು ನಕ್ಷತ್ರದ್ದಕ್ಕೆ 15. ನಮಗೆ ಮೂರೇ ನಕ್ಷತ್ರ ಸಾಕು.

ಉಳಿದಿರುವ ತಕರಾರು ಒಂದೇ. ಸ್ಯಾಂಟೊರಿನಿಯಲ್ಲಿ ಜ್ವಾಲಾಮುಖಿಯ ಅಂಚಿನ ಬಿಳಿ ಕೋಣೆಯೇ ಬೇಕೆಂದು ಮಗಳು. ಕಪ್ಪು ಮರಳಿನ ಪೆರಿಸ್ಸಾದಲ್ಲಿ ಬಹಳ ಅಗ್ಗ, ಮೆಟ್ಟಿಲೂ ಇಲ್ಲ, ಅಮ್ಮನ ಮಂಡಿಗೆ ಅದೇ ಸರಿ ಎಂದು ನಾನು. ಇವರು ಎರಡೂ ಕಡೆಗೆ ತಲೆಯಾಡಿಸುತ್ತಿದ್ದಾರೆ. ನಾಳೆ ಬೆಳಿಗ್ಗೆ ಮತ ಹಾಕುವುದೆಂದು ತೀರ್ಮಾನವಾಗಿದೆ. ಅಪ್ಪನನ್ನು ನನ್ನ ಕಡೆಗೆ ತಿರುಗಿಸಲು ಪೆರಿಸ್ಸಾದ ಮೇಲಿರುವ ಪ್ರಾಚೀನ ಥೀರಾದ ಅವಶೇಷಗಳ ಚಿತ್ರ ತೋರಿಸಿದ್ದೇನೆ.