ಗಿರ್ಮಿಟ್ ಮುಗಿಯೋ ಮೊದಲೇ

2018ರಲ್ಲಿ ನಿಂತಿದ್ದ ಮಾರ್ವೆಲ್ ಸೀರೀಸ್ ಡೇರ್‌ಡೆವಿಲ್, ಏಳು ವರ್ಷದ ಮೇಲೆ 'ಬಾರ್ನ್ ಅಗೇನ್' ಅಂತ ವಾಪಸ್ ಬಂದಿದೆ. ಹುಬ್ಬಳ್ಳಿ ದುರ್ಗದ ಬೈಲಿನಿಂದ ಗಿರ್ಮಿಟ್ ಕಟ್ಟಿಸಿಕೊಂಡು ಬಂದು ಮೊದಲ ಎಪಿಸೋಡಿಗೆ ಕೂತೆ. (ನೋಡದವರು ಇಲ್ಲಿಗೇ ನಿಲ್ಲಿಸಿ.) ಅರ್ಧ ತಿನ್ನೋದರೊಳಗೆ ಹೀರೋ ಮ್ಯಾಟ್‌ನ ಗೆಳೆಯ ಫಾಗಿಗೆ ಗುಂಡು! ಮೆಟ್ಟಿಲ ಮೇಲಿನ ಹೊಡೆದಾಟ ಜೋರಾಗಿತ್ತು, ಅದು ಇರಲಿ. ಕಣ್ಣು ಕಾಣದ ಮ್ಯಾಟ್ ಮಾಳಿಗೆ ಮೇಲೆ ನಿಂತು, ಕೆಳಗೆ ಬೀದಿಯಲ್ಲಿ ಬಿದ್ದ ಗೆಳೆಯನ ಎದೆಬಡಿತ ನಿಧಾನವಾಗಿ ನಿಲ್ಲೋದನ್ನು ಕೇಳಿಸಿಕೊಳ್ಳುತ್ತಾನೆ. ಅಷ್ಟು ಚುರುಕು ಕಿವಿ ಇರೋದೂ ಒಂದು ಶಾಪಾನೇ ಅಲ್ವಾ?

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ, "ಯಾರ್ ಹೋದ್ರೋ?" ಅಂದಳು.

"ಅವನ ಗೆಳೆಯ. ವಕೀಲ."

"ಪಾಪ, ಮದುವಿ ಆಗಿತ್ತೇನ್?"

ಏನು ಹೇಳಲಿ? ಉಳಿದ ಗಿರ್ಮಿಟ್ ಮೆತ್ತಗಾಗಿತ್ತು, ಸುಮ್ನೆ ಅದನ್ನೇ ತಿಂದೆ.